ತವರಿನ ಹೆಸರು

ನಂಬದವರು ಈಗಲೇ ಎದ್ದು ಹೋಗಬಹುದು, ಯಾರೂ ತಡೆಯುವುದಿಲ್ಲ. ಹೊಳೆಯ ಎರಡೂ ದಂಡೆಯಲ್ಲಿ ನಿರುಪಾದಿಯಷ್ಟು ಹೆಸರು ಬಲ್ಲ ಗಂಡಸು ಹುಟ್ಟಿಲ್ಲ.

ಅವನು ಹೊಳೆದಂಡೆಯ ಮಠದ ಅಜ್ಜಾರ ಶಿಷ್ಯ. ಬಂದವರು ಹೆಸರು ಹೇಳಿದರೆ ಸಾಕು, ಬೇರು ಸಮೇತ ಕಿತ್ತು ಅವರ ಕೈಗಿಡುತ್ತಿದ್ದ. ಉಪ್ಪಿನ ಎಂಬ ಅಡ್ಡಹೆಸರಿನವನಿಗೆ, "ನಿಮ್ಮ ಮುತ್ಯಾ ಎತ್ತಿನ ಮ್ಯಾಲೆ ಉಪ್ಪು ಹೇರಿಕೊಂಡು ಊರೂರು ತಿರುಗಿದಾವ" ಅನ್ನುವನು. ತನ್ನ ಹೆಸರಿಗಂತೂ, "ಉಪಾದಿ ಅಂದ್ರ ಕಾಟ, ನಾ ಯಾವ ಕಾಟಾನೂ ಇಲ್ಲದಾವ" ಎಂದು ಮೀಸೆ ತಿರುವುವನು.

"ನಿಮ್ಮವ್ವನ ಹೆಸರು?" ಒಮ್ಮೆ ಅಜ್ಜಾರು ಕೇಳಿದರು.

"ಶಾಂತವ್ವ. ಹೆಸರಿಗೆ ತಕ್ಕಂಗ ಅದಾಳ್ರಿ. ದನಿ ಎತ್ತಿದ್ದು ನಾ ಕೇಳೇ ಇಲ್ಲ."

ನಿರುಪಾದಿ ಅಜ್ಜಾರ ಹತ್ತಿರ ಸರಿದು ಕೂತ.

"ನನಗೊಂದು ಬಿರುದು ಕೊಡ್ರಿ ಅಜ್ಜಾರ. ಹೆಸರಿನ ಮುಂದ ಹಚ್ಕೊಂಡು ಮೆರೀತೀನಿ."

"ಕೊಡೋಣಂತ. ಅವ್ವನ್ನ ನೋಡಿ ಎಷ್ಟು ದಿನಾತು?"

"ಊರು ಇಲ್ಲೇ ಐತಲ್ರಿ. ಯಾವಾಗರ ಹೋದ್ರಾತು."

ಆ ಸುಗ್ಗಿಯಲ್ಲಿ ಶಾಂತವ್ವ ಹಾಸಿಗೆ ಹಿಡಿದಳು. ಸುದ್ದಿ ಬಂದಾಗ ಅಜ್ಜಾರೂ ಅವನ ಜೊತೆ ಹೊರಟರು.

ಅವ್ವನ ಕಣ್ಣು ಮುಚ್ಚಿತ್ತು. ಉಸಿರು ಮಾತ್ರ ಆಡುತ್ತಿತ್ತು.

"ಅವ್ವಾ" ಅಂದ. ರೆಪ್ಪೆ ಅಲುಗಲಿಲ್ಲ. "ಶಾಂತವ್ವಾ" ಎಂದು ಹೆಸರು ಹಿಡಿದೇ ಕೂಗಿದ. ಊಹೂಂ.

"ಒಂದು ಸಲ ನನ್ನ ನೋಡಿದ್ರ ಸಾಕಿತ್ರಿ ಅಜ್ಜಾರ."

"ಶಾಂತವ್ವ ಅನ್ನೋದು ಮದುವಿ ದಿನ ಅತ್ತಿಮನಿಯವರು ನನ್ನ ಮುಂದನ ಇಟ್ಟ ಹೆಸರು. ಅಕಿ ಈಗ ಅದಕ್ಕಿಂತ ಹಿಂದ ಹೋಗ್ಯಾಳ. ತವರಿನಾಗ ಏನಂತ ಕರೀತಿದ್ರು?"

ನಿರುಪಾದಿ ಅದನ್ನು ಒಂದು ದಿನವೂ ಕೇಳಿರಲಿಲ್ಲ.

ಹೊಳೆ ದಾಟಿ ತವರೂರಿಗೆ ಓಡಿದ. ಸೋದರಮಾವಂದಿರು ಯಾರೂ ಉಳಿದಿರಲಿಲ್ಲ. ಅವ್ವನ ಜೋಡಿ ಆಡಿ ಬೆಳೆದ ದ್ಯಾಮವ್ವ ಕಟ್ಟೆಯ ಮೇಲೆ ಕೂತಿದ್ದಳು.

"ಶಾಂತವ್ವ? ಯಾವ ಶಾಂತವ್ವನೋ?" ಮುದುಕಿ ನಕ್ಕಳು. "ಅಕಿ ನಮ್ಮ ಚಿಗರಿ! ಹಳ್ಳದ ಕಲ್ಲಿನಿಂದ ಕಲ್ಲಿಗೆ ಅಡವಿ ಚಿಗರಿಯಂಗ ಜಿಗಿದು ಗಂಡುಹುಡುಗರನ್ನ ಸೋಲಿಸ್ತಿದ್ಳು. ನಕ್ಕರ ಊರಿಗೇ ಕೇಳಸ್ತಿತ್ತು. ಇಷ್ಟು ಗದ್ದಲದ ಸೊಸಿ ಬ್ಯಾಡಂತ ನಿಮ್ಮಜ್ಜಿ ಶಾಂತವ್ವ ಅಂತ ಇಟ್ಳು. ಈಗೂ ಜಿಗೀತಾಳೇನೋ?"

ಅವ್ವ ಓಡಿದ್ದನ್ನು ನಿರುಪಾದಿ ಎಂದೂ ನೋಡಿರಲಿಲ್ಲ.

ತಿರುಗಿ ಬಂದಾಗ ಅಜ್ಜಾರು ಹೊಸ್ತಿಲ ಹೊರಗೆ ಕೂತಿದ್ದರು. ಒಳಗೆ ಹೆಂಗಸರು ಅಳುತ್ತಿದ್ದರು.

ತಾಯಿಯ ಕಿವಿಗೆ ಬಾಯಿಟ್ಟು "ಚಿಗರೀ" ಅಂದ. ಮತ್ತೆ ಅಂದ. ಯಾರೋ ಭುಜ ಹಿಡಿದು ಎಬ್ಬಿಸಿದರು.

ಮಣ್ಣು ಕೊಟ್ಟು, ಹೊಳೆಯಲ್ಲಿ ಮಿಂದು ಅಜ್ಜಾರ ಮುಂದೆ ಕುಸಿದ.

"ತಡಾ ಆತ್ರಿ."

"ಹೌದು, ಆತು."

"ಈ ಹೆಸರು ಇಟ್ಕೊಂಡು ನಾ ಏನ್ ಮಾಡ್ಲಿ? ಕರದ್ರ ಓ ಅನ್ನೋರಿಲ್ಲ."

ಅಜ್ಜಾರು ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟರು.

"ಬಿರುದು ಕೇಳಿದ್ದಿಯಲ್ಲ ತಮ್ಮಾ, ತಗೋ. ಇವತ್ತಿನಿಂದ ನೀ ಚಿಗರಿ ಮಗ."