ಒತ್ತೆಗುಡ್ಡದ ವಾಲಿದ ಲಂಗರು

ಕೇದಗೆಬೈಲಿನ ಅಳಿವೆಯ ಪಕ್ಕದ ಬೋಳುಗುಡ್ಡಕ್ಕೆ ಒತ್ತೆಗುಡ್ಡವೆಂದು ಹೆಸರು. ಅದರ ನೆತ್ತಿಯಲ್ಲಿ ಆಳೆತ್ತರದ ಕಬ್ಬಿಣದ ಲಂಗರೊಂದು ಬುಡ ಸಡಿಲಿ ಕಡಲಿನತ್ತ ವಾಲಿದೆ. ಗಾಳಿಗೆ ವಾಲಿತು ಎನ್ನುವವರಿದ್ದಾರೆ. ಅಯ್ಯೋ, ಅಂಥ ಕಬ್ಬಿಣವನ್ನು ಯಾವ ಗಾಳಿ ವಾಲಿಸೀತು! ವಾಲಿಸಿದವರು ಊರಿನವರೇ.

ಹಿಂದೆ ಒಮ್ಮೆ, ಪರಂಗಿಯವರು ಕರಾವಳಿಗೆ ಹೊಸಬರಾಗಿದ್ದ ಕಾಲದಲ್ಲಿ, ಬೆಲ್ಚಿಯೋರ್ ಎಂಬ ಕಪ್ತಾನ ನೀರು ತುಂಬಿಸಿಕೊಳ್ಳಲು ಇಲ್ಲಿ ಇಳಿದನಂತೆ. ತನ್ನವರಾರೂ ಕಾಣದ ತೆಂಕಣ ದ್ವೀಪಗಳಿಗೆ ದಾರಿ ಹುಡುಕುವ ಹುಚ್ಚು ಅವನಿಗೆ. ಗಾಳಿ, ನಕ್ಷತ್ರ ಬಲ್ಲ ಜಟ್ಟ ಅಂಬಿಗನನ್ನು ಜೊತೆಗೆ ಕಳಿಸಿ ಎಂದು ಕೇಳಿದ. ಜಟ್ಟನಿಗೂ ಆಸೆಯೇ, ಆದರೆ ಹೆಂಡತಿ ದುರ್ಗಿ ಒಪ್ಪಬೇಕಲ್ಲ! ಈ ಊರಲ್ಲಿ ಬಲೆ ಕಡ ಒಯ್ದವನು ತನ್ನ ದೋಣಿಯ ಲಂಗರನ್ನು ಒತ್ತೆ ಇಡುವುದು ಪದ್ಧತಿ. ದುರ್ಗಿ ಸೆರಗು ಬಿಗಿದು ಎದುರಿಗೇ ನಿಂತಳು. “ಬಲೆಗೇ ಲಂಗರು ಒತ್ತೆ ಇಡ್ತಾರೆ, ನಾನು ಕೊಡೂದು ಗಂಡನ್ನ. ನಿನ್ನ ದೊಡ್ಡ ಲಂಗರು ಇಟ್ಟು ಹೋಗು” ಎಂದಳು. ಹಡಗಿನವರು ನಕ್ಕರು, ಕಪ್ತಾನ ನಗಲಿಲ್ಲ. ಲಂಗರನ್ನು ಗುಡ್ಡಕ್ಕೆ ಹೊರಿಸಿ ನೆಡಿಸಿ, ಸಣ್ಣದೊಂದನ್ನೇ ನಂಬಿ ಹಡಗು ಬಿಟ್ಟ.

ಎರಡು ಮಳೆಗಾಲ ದುರ್ಗಿ ಲಂಗರಿನ ಬುಡದಲ್ಲೇ ಕೂತು ಕಡಲಿಗೆ ಕಣ್ಣು ನೆಟ್ಟು ಕಾದಳು. ಕೊನೆಗೊಂದು ಸಂಜೆ ಹರಕು ಹಾಯಿಯ ಪುಟ್ಟ ದೋಣಿಯಲ್ಲಿ ಜಟ್ಟನೂ ಕಪ್ತಾನನೂ ಬಂದಿಳಿದರು. ದ್ವೀಪಗಳು ಸಿಕ್ಕಿದ್ದವು, ಮರಳುವಾಗ ಬಿರುಗಾಳಿಗೆ ಸಣ್ಣ ಲಂಗರು ಹಿಡಿತ ತಪ್ಪಿ ಹಡಗು ಬಂಡೆಗೆ ಬಡಿದು ಒಡೆದಿತ್ತು. ಮೊದಲು ನಮ್ಮ ಪರಂಗಿ ಕೋಟೆಗೆ ಹೋಗೋಣವೆಂದು ಬದುಕುಳಿದ ಹಡಗಿನವರು ಎಷ್ಟು ಗೋಗರೆದರೂ ಕಪ್ತಾನ ಜಟ್ಟನನ್ನು ಮುಟ್ಟಿಸಲು ಇಲ್ಲಿಗೇ ಬಂದನಂತೆ. ದುರ್ಗಿ ಗಂಡನನ್ನು ಹಿಡಿದುಕೊಂಡು ಅತ್ತಳು. “ನಿನ್ನ ಲಂಗರು ತಗೊಳ್ಳೋ ಅಣ್ಣಾ” ಎಂದಳು. ಜಟ್ಟನಿಂದ ನಾಲ್ಕು ಮಾತು ಕಲಿತಿದ್ದ ಅವನು, “ಕಟ್ಟೂಕೆ ಹಡಗು ಎಲ್ಲಿದೆ ತಂಗೀ?” ಎಂದು ನಕ್ಕನಂತೆ. ಎಂಥ ಗಂಡಸು ಅಂತೀರಿ!

ಅವನೇನೋ ತನ್ನ ದೇಶಕ್ಕೆ ಹೋದ. ಆದರೆ ಅವನಿಂದ ದ್ವೀಪಗಳ ದಾರಿ ತಿಳಿದ ಮೇಲೆ ಬೇರೆ ಪರಂಗಿಯವರು ತೋಪು, ಮದ್ದುಗುಂಡು ಹೊತ್ತು ಅದೇ ದಾರಿ ಹಿಡಿದು ಬಂದರು. ಈ ಕಡಲು ಇನ್ನು ತಮ್ಮದೆಂದು ಅಳಿವೆಯ ದೋಣಿಗಳನ್ನೆಲ್ಲ ಸುಟ್ಟರು. ಊರು ಕುದಿಯಿತು. ಆ ಕಪ್ತಾನನ ಕುರುಹೇ ಬೇಡವೆಂದು ಜನ ಲಂಗರಿಗೆ ಹಗ್ಗ ಬಿಗಿದು ಕಡಲಿನತ್ತ ಎಳೆದರು. ಎಲ್ಲರಿಗಿಂತ ಮುಂದೆ ನಿಂತು ಎಳೆಯುತ್ತಿದ್ದವನು ಜಟ್ಟ. ದಾರಿ ತೋರಿದ ಪಾಪ ಅವನನ್ನು ಸುಡುತ್ತಿತ್ತು. ಬುಡ ಸಡಿಲಿತು. ಆಗ ದುರ್ಗಿ ಓಡಿಬಂದು, ಲಂಗರು ಉರುಳಿದರೆ ತನ್ನ ಮೇಲೆಯೇ ಬೀಳುವಂತೆ ಅದರ ಮುಂದೆ ಕೂತುಬಿಟ್ಟಳು. “ಅವನಿಗೆ ಶಾಪ ಹಾಕಿ, ನಾನೂ ಹಾಕ್ತೇನೆ” ಎಂದು ಗಂಡನತ್ತ ತಿರುಗಿದಳು. “ಆದ್ರೆ ಹಗ್ಗ ಹಿಡಿದ ಈ ಕೈಯನ್ನ ನಂಗೆ ತಂದು ಮುಟ್ಟಿಸಿದವ ಯಾರು? ಹೇಳಿ, ಆಮೇಲೆ ಎಳೀರಿ.” ಮೊದಲು ಹಗ್ಗ ಬಿಟ್ಟವನೂ ಜಟ್ಟನೇ ಎನ್ನುತ್ತಾರೆ.

ಲಂಗರು ಇಂದಿಗೂ ಹಾಗೆಯೇ ವಾಲಿದೆ. ನೆಟ್ಟಗೆ ಮಾಡಿದವರಿಲ್ಲ, ಕಿತ್ತವರೂ ಇಲ್ಲ. ನೋಡಲು ಹೋದವರು ಕಡಲಿನ ಕಡೆಯ ಬುಡ ನೋಡಬೇಕು. ಅಲ್ಲಿ ಒಬ್ಬರು ಕೂರುವಷ್ಟು ಜಾಗದಲ್ಲಿ ಕಲ್ಲು ಸವೆದು ನುಣುಪಾಗಿದೆ. ಮೀನಿಗೆ ಹೋದ ಗಂಡ ಬರುವುದು ತಡವಾದರೆ ಊರ ಹೆಂಗಸರು ಈಗಲೂ ಬಂದು ಅಲ್ಲೇ ಕೂರುತ್ತಾರೆ.