ಅಪ್ಪಣೆ ಕೇಳಿದ ಸಿಪಾಯಿ

"ಗುರುಗಳೇ, ಇಷ್ಟು ವರ್ಷ ನಿಮಗೆ ನೀರು ಹೊತ್ತೆ, ಬಟ್ಟೆ ಒಗೆದೆ. ಸೇವೆ ಮಾಡುವವನು ಪೀಠದಲ್ಲಿ ಕೂರುವವನಾಗುವ ದಾರಿ ಯಾವುದು?" ಎಂದು ಶಿಷ್ಯ ಕೇಳಿದ. ಉತ್ತರಕ್ಕೆ ಕಾಯಲಾರದೆ ಬಾಗಿಲವರೆಗೆ ಹೋಗಿ ಬಂದು ಮತ್ತೆ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಸಿಪಾಯಿಗೆ ಸೈನ್ಯದಲ್ಲಿ ಅಧಿಕಾರಿಯಾಗುವ ಆಸೆಯಿತ್ತು. ದಾರಿಯೂ ಇತ್ತು. ಕರ್ನಲ್ ಶಿಫಾರಸು ಮಾಡಬೇಕು, ಲಿಖಿತ ಪರೀಕ್ಷೆ ಪಾಸಾಗಬೇಕು, ಆಮೇಲೆ ಆಯ್ಕೆ ಮಂಡಳಿ ಒಪ್ಪಬೇಕು. ಅವಕಾಶ ಎರಡೇ ಸಲ, ವಯಸ್ಸು ಮೀರಿದರೆ ಅದೂ ಇಲ್ಲ. ಈ ಸಿಪಾಯಿ ಕರ್ನಲ್ ಎದುರು ಕೇಳಿದ್ದಕ್ಕಷ್ಟೇ ಉತ್ತರಿಸುತ್ತಿದ್ದ. ಅವನಿಗೆ ಶಿಫಾರಸು ಸಿಕ್ಕಿತು. ಕೇಳದೆ ಬಾಯಿ ಹಾಕುತ್ತಿದ್ದ ಇನ್ನೊಬ್ಬ ಸಿಪಾಯಿಗೆ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಕೆಲಸ ಸಿಕ್ಕಿತು.

ಲಿಖಿತ ಪರೀಕ್ಷೆ ಸುಲಭವಾಗಿ ಮುಗಿಯಿತು. ಮಂಡಳಿಯವರು ಅವನನ್ನು ಇನ್ನು ಕೆಲವರ ಜೊತೆ ಒಂದು ಹಳ್ಳದ ಮುಂದೆ ನಿಲ್ಲಿಸಿ ಹಲಗೆ, ಹಗ್ಗ, ಭಾರದ ಪೆಟ್ಟಿಗೆಯೊಂದನ್ನು ಕೊಟ್ಟರು. ಪೆಟ್ಟಿಗೆ ಆಚೆ ದಡ ಸೇರಬೇಕು. ಮುಂದಾಳು ಯಾರೆಂದು ಹೇಳಲಿಲ್ಲ. ತಾನಾಗಿ ಯಾರು ಮುಂದಾಗುತ್ತಾರೆ ಎಂಬುದೇ ಪರೀಕ್ಷೆ. ಸಿಪಾಯಿ ಆದೇಶಕ್ಕೆ ಕಾಯುತ್ತ ನೆಟ್ಟಗೆ ನಿಂತ. ಕಾಲೇಜಿನಿಂದ ಬಂದ ಯುವಕನೊಬ್ಬ, "ಏಯ್, ಹಗ್ಗ ಹಿಡಿ" ಎಂದ. ಸಿಪಾಯಿ ಹಿಡಿದ. ಯುವಕ ಆಯ್ಕೆಯಾದ.

ಇನ್ನು ಉಳಿದದ್ದು ಒಂದೇ ಅವಕಾಶ. ಸಿಪಾಯಿಗೆ ಊಟ ಸೇರಲಿಲ್ಲ. ಕವಾಯತಿನಲ್ಲಿ ಹೆಜ್ಜೆ ತಪ್ಪತೊಡಗಿತು. ಕೊನೆಗೆ ತನ್ನ ಸುಬೇದಾರನ ಬಳಿ ಹೋದ.

"ಸಾಬ್, ನಾನು ಎಲ್ಲಿ ತಪ್ಪಿದೆ?"

"ಎಲ್ಲೂ ತಪ್ಪಲಿಲ್ಲ ಕಣೋ, ಅದೇ ತಪ್ಪು. ಇಲ್ಲಿ ಬಾಯಿ ಮುಚ್ಚಿಕೊಂಡಿರು, ಇಲ್ಲದಿದ್ದರೆ ಶಿಫಾರಸು ಇಲ್ಲ. ಅಲ್ಲಿ ಮಂಡಳಿಯ ಮುಂದೆ ನಿಂತಮೇಲೆ ಬಾಯಿ ಬಿಡು."

"ಅಷ್ಟೇನಾ ಸಾಬ್?"

"ಅಷ್ಟೇ. ನನ್ನ ಕೈಲಿ ಆಗಲಿಲ್ಲ, ನೋಡು. ಸುಬೇದಾರನಾಗಿಯೇ ಮುದುಕನಾದೆ."

ಕರ್ನಲ್ ಮತ್ತೆ ಶಿಫಾರಸು ಮಾಡಿದರು. ಮತ್ತೆ ಅಂಥದೇ ಹಳ್ಳ, ಅಂಥದೇ ಪೆಟ್ಟಿಗೆ. ಉಳಿದವರು ತಮ್ಮತಮ್ಮಲ್ಲೇ ವಾದಕ್ಕಿಳಿದರು. ಹಲಗೆ ಎಲ್ಲಿ ಇಡಬೇಕೆಂದು ಸಿಪಾಯಿಗೆ ಹೊಳೆದಿತ್ತು. ಈ ಸಲ ಅವನು ಯಾರಾದರೂ ಕರೆಯುವವರೆಗೆ ಕಾಯಲಿಲ್ಲ. ತಾನಾಗಿ ಮುಂದೆ ಬಂದ. ಹಿಮ್ಮಡಿ ಕೂಡಿಸಿ, ಪರೀಕ್ಷಕರಿಗೆ ಸೆಲ್ಯೂಟ್ ಹೊಡೆದು ಕೇಳಿದ:

"ಸರ್, ಮುಂದಾಳಾಗಲು ಅಪ್ಪಣೆಯೇ?"

ಪರೀಕ್ಷಕರು ನಗಲಿಲ್ಲ. ಅವನನ್ನು ಪಲ್ಟನ್ನಿಗೆ ಹಿಂದಕ್ಕೆ ಕಳಿಸಿದರು. ಆ ವರ್ಷವೇ ಅವನ ವಯಸ್ಸೂ ಮೀರಿತು. ಅವನಂಥ ಸಿಪಾಯಿ ಇಡೀ ಪಲ್ಟನ್ನಿನಲ್ಲಿ ಇಲ್ಲವೆಂದು ಕರ್ನಲ್ ಈಗಲೂ ಹೇಳುತ್ತಾರೆ.

ಶಿಷ್ಯನಿಗೆ ಸಿಟ್ಟು ಬಂತು. "ಎರಡು ಸಲ ಕಳಿಸಿದರಲ್ಲ ಆ ಕರ್ನಲ್, ಇವನು ಆಯ್ಕೆಯಾಗುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು, ಅದಕ್ಕೇ ಕಳಿಸಿದರು" ಎಂದರು ಗುರುಗಳು. "ಒಳ್ಳೆಯ ಸಿಪಾಯಿಯನ್ನು ಬಿಟ್ಟುಕೊಡಲು ನಮ್ಮಂಥವರಿಗೆ ಮನಸ್ಸು ಬರುವುದಿಲ್ಲ."