ಬಿಡ್ತು ಅನ್ನಿ

ಜವರಯ್ಯ ಹೆಂಡತಿಯ ಹೆಗಲು ಹಿಡಿದುಕೊಂಡು ಹೊಳೆದಡದ ಆಶ್ರಮಕ್ಕೆ ಬಂದ. ಹೊಟ್ಟೆಯೊಳಗಿನ ಗಡ್ಡೆಗೆ ಇನ್ನು ಔಷಧವಿಲ್ಲ, ನೋವಿಗೆ ಮಾತ್ರ ಇದೆ ಎಂದು ಡಾಕ್ಟರು ಹೇಳಿಯಾಗಿತ್ತು.

ಹೆಂಡತಿ ಚಿಕ್ಕತಾಯಮ್ಮ ಅವನನ್ನು ಜಗಲಿಯ ಮೇಲೆ ಕೂರಿಸಿ, ಅವನ ಪಂಚೆ ಒಗೆಯಲು ಮೆಟ್ಟಿಲಿಳಿದು ಹೊಳೆಗೆ ಹೋದಳು.

"ನೋವು ಹೇಗಿದೆಯಪ್ಪ?" ಗುರು ಕೇಳಿದರು. ಜವರಯ್ಯನ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರೇ.

"ಮಾತ್ರೆ ನುಂಗಿದ್ರೆ ತಡ್ಕೋಬಹುದು ಗುರುಗಳೇ. ಮನಸ್ಸಿಗೆ ಮಾತ್ರೆ ಇಲ್ವಲ್ಲ. ಒಂದು ಮಂತ್ರ ಕೊಡಿ."

"ಈಗ ಯಾವುದು ಹೇಳ್ತಿದ್ದೀಯ?"

"ಯಾವುದೂ ಇಲ್ಲ."

"ಭಯ ಆದಾಗ ಏನಂತೀಯ?"

ಜವರಯ್ಯ ಯೋಚಿಸಿದ. "ಬಿಡ್ತು ಅಂತೀನಿ. ಸಾಯೋ ಮಾತೆತ್ತಿದ್ರೆ ಸಾಕು, ಇವಳು 'ಬಿಡ್ತು ಅನ್ನಿ' ಅಂತಾಳೆ. ಅಂದ್ಬಿಡ್ತೀನಿ. ಈಗೀಗ ಬರೀ ಯೋಚನೆ ಬಂದ್ರೂ ಒಳಗೊಳಗೇ ಬಿಡ್ತು ಅಂತೀನಿ."

"ಒಳ್ಳೇ ಮಂತ್ರ. ಹಾಗಂದ್ರೆ ಭಯ ಬಿಡುತ್ತಾ?"

"ಇಲ್ಲ. ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

ಜವರಾಯನೆಂದರೆ ಯಮ. ಅವನ ಹೆಸರನ್ನೇ ಮಗುವಿಗಿಟ್ಟು, ಊರೆಲ್ಲ ಬೆಳಗೆದ್ದರೆ ಬಾಯ್ತುಂಬ ಕೂಗುತ್ತದೆ. ಸಾವು ಅಂದರೆ ಮಾತ್ರ ಬಾಯಿ ಮುಚ್ಚಿಸುತ್ತದೆ. ನಮ್ಮ ಜನವೇ ಹೀಗೆ.

"ಸಾಯೋ ಮಾತೆತ್ತಿ ಅವಳಿಗೆ ಏನು ಹೇಳಬೇಕು ಅಂತಿದ್ದೆ?" ಗುರು ಕೇಳಿದರು.

"ಮದುವೆಗೆ ಮುಂಚೆ ಇವಳು ಸೋಬಾನೆ ಹಾಡೋಕೆ ಹೋಗ್ತಿದ್ಲು. ಇವಳು ಬಾಯಿ ತೆಗೆದ್ರೆ ಅಡುಗೆ ಒಲೆ ಮುಂದಿದ್ದೋರೂ ಎದ್ದು ಬರೋರು. ನಾನೇ ನಿಲ್ಲಿಸ್ದೆ. ಕಂಡೋರ ಚಪ್ಪರದಲ್ಲಿ ನನ್ನ ಹೆಂಡ್ತಿ ಹಾಡೋದೇನು ಅಂತ. ಜಗಳ ಆಡ್ಲಿಲ್ಲ ಗುರುಗಳೇ. ಸುಮ್ಮನಾಗ್ಬಿಟ್ಲು. ಮಗಳ ಮದುವೇಲೂ ಹಾಡ್ಲಿಲ್ಲ."

ಅವನು ಮೆಟ್ಟಿಲ ಕೆಳಗೆ ಪಂಚೆ ಒಗೆಯುತ್ತಿದ್ದ ಹೆಂಡತಿಯ ಕಡೆ ನೋಡಿದ.

"ಅದಕ್ಕೇ, ನಾನು ಹೋದ್ಮೇಲೆ..."

"ಬಿಡ್ತು ಅನ್ನೋ!" ಎಂದರು ಗುರು.

ಮಾತು ತಾನಾಗಿ ಬಂದುಬಿಟ್ಟಿತ್ತು.

ಜವರಯ್ಯ ತಲೆ ತಗ್ಗಿಸಿದ. "ಬಿಡ್ತು" ಎಂದ.

ಗುರುಗಳಿಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚು ದುಃಖವಾಗಿತ್ತು. ತಾವು ಬೆಳೆಸಿದವನನ್ನು ತಾವೇ ಕಳಿಸಿಕೊಡಬೇಕಲ್ಲ.

"ಚಿಕ್ಕತಾಯಿ, ಬಾಮ್ಮ ಇಲ್ಲಿ" ಎಂದು ಕೂಗಿದರು.

ಅವಳು ಒದ್ದೆ ಪಂಚೆ ಹಿಡಿದೇ ಬಂದಳು. "ಇವರು ಮತ್ತೆ ಅದೇ ಮಾತೆತ್ತಿದ್ರಾ? ಬಿಡ್ತು ಅನ್ನಿಸಿ ಗುರುಗಳೇ."

"ಅನ್ನಿಸಿದೆ ತಾಯಿ. ಪಾಪ, ಅಂದ. ಹೆದರಿದ್ದು ನಾನು, ಮುಚ್ಚಿಸಿದ್ದು ಇವನ ಬಾಯಿ."

ಚಿಕ್ಕತಾಯಮ್ಮ ಪಂಚೆಯನ್ನು ಹಿಂಡುತ್ತ ನಿಂತಳು. ಅದರಲ್ಲಿ ನೀರು ಉಳಿದಿರಲಿಲ್ಲ.

"ನಂಗೂ ಭಯ ಗುರುಗಳೇ" ಎಂದಳು.

"ಗೊತ್ತು. ಇವನ ಪಕ್ಕ ಕೂತ್ಕೋ."

ಅವಳು ಕೂತಳು. ಗುರು ದೇವರ ಮುಂದೆ ತಪ್ಪೊಪ್ಪಿಕೊಳ್ಳುವವರಂತೆ ತಮ್ಮ ಕೆನ್ನೆಗೆ ತಾವೇ ಮೆಲ್ಲಗೆ ತಟ್ಟಿಕೊಂಡರು.

"ಆಡಬಾರದ ಮಾತು ಆಡಿದವನು ನಾನು. ಬಿಡ್ತು" ಎಂದರು.

ಆಮೇಲೆ ಜವರಯ್ಯನ ಕೈಯನ್ನು, ಹಿಂದೆ ಅಕ್ಷರ ತಿದ್ದಿಸಿದ ಅದೇ ಕೈಯನ್ನು, ಹಿಡಿದುಕೊಂಡರು.

"ಈಗ ಹೇಳಪ್ಪ. ನೀನು ಹೋದ್ಮೇಲೆ?"